ಬೆಣ್ಣಿಹಳ್ಳದ ಉಪ್ಪು, ಕಾಲುವೆಯ ನೀರು



ಬಮ್ಮಿಗಟ್ಟಿ ಇರುವ ಕಲಘಟಗಿ ತಾಲೂಕು ಮಲೆನಾಡಿನ ಸೆರಗು. ಭತ್ತ ಬೆಳೆಯುವ ನೆಲ. ಇಲ್ಲಿ ಬಿದ್ದ ಮಳೆಯ ಬಹುಪಾಲು ಮಣ್ಣಿನ ಉಪ್ಪನ್ನು ತೊಳೆದುಕೊಂಡು ಬೇಡ್ತಿ ಹಳ್ಳ ಸೇರಿ ಪಡುವಣ ಕಡಲಿಗೆ ಹೋಗುತ್ತದೆ. ಅದೇ ಧಾರವಾಡ ಜಿಲ್ಲೆಯಲ್ಲಿ ಮೂಡಣಕ್ಕೆ ನಡೆದರೆ ಕುಂದಗೋಳ, ನವಲಗುಂದಗಳ ಎರೆಭೂಮಿ ಎದುರಾಗುತ್ತದೆ. ಅಲ್ಲಿ ಮಳೆ ಕಡಿಮೆ, ಮಣ್ಣು ಜಿಗುಟು, ನೀರು ಕೆಳಗಿಳಿಯುವುದು ನಿಧಾನ. ಶಿಗ್ಗಾವಿ ತಾಲೂಕಿನ ದುಂಡಶಿ ಕಡೆಯಿಂದ ಹುಟ್ಟಿ ಬರುವ ಬೆಣ್ಣಿಹಳ್ಳ ಈ ಸೀಮೆಯನ್ನು ಹಾಯ್ದು ರೋಣ ತಾಲೂಕಿನಲ್ಲಿ ಮಲಪ್ರಭೆಯನ್ನು ಸೇರುತ್ತದೆ. ಹೆಸರು ಬೆಣ್ಣೆಯದಾದರೂ ಅದರ ನೀರು ಮೊದಲಿನಿಂದಲೂ ಸವುಳು.

ಸವದತ್ತಿ ಬಳಿಯ ನವಿಲುತೀರ್ಥದಲ್ಲಿ ಅಣೆಕಟ್ಟು ಎದ್ದು, 1970ರ ದಶಕದಲ್ಲಿ ಕಾಲುವೆ ನೀರು ನವಲಗುಂದ, ನರಗುಂದಗಳಿಗೆ ಬಂದಾಗ ರೈತರ ಸಂತೋಷಕ್ಕೆ ಪಾರವಿರಲಿಲ್ಲ. ಧಾರವಾಡದಲ್ಲಿ ಸಿದ್ಧವಾದ ವರಲಕ್ಷ್ಮಿ ಹತ್ತಿ ಹೊಲ ತುಂಬಿತು. ಆದರೆ ನೀರು ತರುವ ಕಾಲುವೆಯ ಜೊತೆಗೆ ನೀರು ಬಸಿದುಹೋಗುವ ಕಾಲುವೆ ಎಲ್ಲೆಡೆ ಆಗಲಿಲ್ಲ. ತಗ್ಗಿನ ಹೊಲಗಳಲ್ಲಿ ಅಂತರ್ಜಲ ಮೇಲೇರಿತು. ಅದು ಬೇರಿನ ಹತ್ತಿರ ಬಂದರೆ ಬಿಸಿಲು ನೀರನ್ನಷ್ಟೇ ಎಳೆದುಕೊಳ್ಳುತ್ತದೆ, ಉಪ್ಪು ಮೇಲ್ಮಣ್ಣಿನಲ್ಲಿಯೇ ಉಳಿಯುತ್ತದೆ. ಇದೇ ಸವುಳು-ಜವುಳು.

ಲೆಕ್ಕ ನೋಡಿ: ಲೀಟರಿಗೆ ಅರ್ಧ ಗ್ರಾಂ ಉಪ್ಪಿರುವ ನೀರನ್ನು ಒಂದು ಎಕರೆಗೆ ಅರ್ಧ ಮೀಟರ್ ಆಳದಷ್ಟು ಹಾಯಿಸಿದರೆ ಸುಮಾರು ಒಂದು ಟನ್ ಉಪ್ಪು ಹೊಲಕ್ಕೆ ಬಂದಂತೆ. ಅದು ಬಸಿದು ಹೋಗದಿದ್ದರೆ ವರ್ಷ ವರ್ಷವೂ ಕೂಡುತ್ತಲೇ ಇರುತ್ತದೆ.

ಒಂದೆಡೆ ಬಾಲಕಾಲುವೆಗೆ ನೀರು ತಲುಪಲಿಲ್ಲ, ಇನ್ನೊಂದೆಡೆ ನೀರು ನಿಂತು ಭೂಮಿ ಕೆಟ್ಟಿತು, ಹತ್ತಿಯ ಬೆಲೆಯೂ ಕುಸಿಯಿತು. ಅಂಥ ಹೊತ್ತಿನಲ್ಲಿ ಸರ್ಕಾರ ಭೂಮಿ ಸುಧಾರಿಸಿದೆ ಎಂದು ಅಭಿವೃದ್ಧಿ ಕರ ಕೇಳಿತು. 1980ರ ಜುಲೈ 21ರಂದು ನವಲಗುಂದ, ನರಗುಂದಗಳಲ್ಲಿ ರೈತರು ಸಿಡಿದೆದ್ದರು. ಗೋಲಿಬಾರಿನಲ್ಲಿ ಪ್ರಾಣಗಳು ಹೋದವು. ನವಲಗುಂದದ ಜನ ಆ ದಿನವನ್ನು ಇಂದಿಗೂ ಹುತಾತ್ಮರ ದಿನವಾಗಿ ಆಚರಿಸುತ್ತಾರೆ.

ಹಾಗಾದರೆ ಬಸಿಗಾಲುವೆ ತೋಡಿದರೆ ಸಾಕೆ? ಹೊಲ ಉಳಿದೀತು, ಆದರೆ ಬಸಿದ ಉಪ್ಪು ಹಳ್ಳಕ್ಕೆ, ಹಳ್ಳದಿಂದ ಹೊಳೆಗೆ ಇಳಿದು ಕೆಳಗಿನ ರೈತನ ಹೊಲ ಸೇರುತ್ತದೆ. ಅಮೆರಿಕದ ಅರಿಜೋನದಲ್ಲಿ 1961ರಿಂದ ಇಂಥದೇ ಬಸಿನೀರನ್ನು ಕೊಲರಾಡೊ ನದಿಗೆ ಬಿಟ್ಟಾಗ ಕೆಳಗಿನ ಮೆಕ್ಸಿಕೊ ದೇಶದ ಬೆಳೆ ಹಾಳಾಯಿತು. 1973ರಲ್ಲಿ ಎರಡೂ ದೇಶಗಳು ಒಪ್ಪಂದಕ್ಕೆ ಬಂದವು. 1974ರಲ್ಲಿ ಉಪ್ಪಿನ ನಿಯಂತ್ರಣಕ್ಕೆಂದೇ ಕಾನೂನಾಯಿತು. ಬಸಿನೀರನ್ನು ನದಿಗೆ ಸೇರಿಸದೆ ಸಾಗಿಸಲು ಬೇರೆ ಕಾಲುವೆ ಕಟ್ಟಬೇಕಾಯಿತು. ಆಸ್ಟ್ರೇಲಿಯದ ಮರ್ರೆ ನದಿಯ ದಂಡೆಯಲ್ಲಿ ಉಪ್ಪಿನ ಅಂತರ್ಜಲವನ್ನು ನದಿ ಸೇರುವ ಮೊದಲೇ ಪಂಪಿನಿಂದೆತ್ತಿ ದೂರದ ತಗ್ಗುಗಳಲ್ಲಿ ಆವಿಯಾಗಲು ಬಿಡುತ್ತಾರೆ.

ಅಷ್ಟು ಖರ್ಚಿನ ದಾರಿ ನಮಗೆ ಕಷ್ಟ. ಆದ್ದರಿಂದ ಉಪ್ಪು ಏಳದಂತೆ ತಡೆಯುವುದೇ ಅಗ್ಗ: ಕಾಲುವೆಯ ಸೋರಿಕೆ ನಿಲ್ಲಿಸಬೇಕು, ಎರೆಭೂಮಿಗೆ ಜೋಳ, ಗೋದಿ, ಕಡಲೆ, ಹತ್ತಿಗಳಿಗೆ ಬೇಕಾದಷ್ಟೇ ನೀರು ಹಾಯಿಸಬೇಕು, ಬಸಿಗಾಲುವೆಗಳ ಹೂಳು ತೆಗೆಯಬೇಕು, ಹಳ್ಳದ ನೀರಿನ ಉಪ್ಪನ್ನು ಹಂಗಾಮಿಗೊಮ್ಮೆ ಅಳೆಯಬೇಕು. ನಿಮ್ಮ ಹೊಲದಂಚಿನ ಬಾವಿಯ ನೀರು ವರ್ಷದಿಂದ ವರ್ಷಕ್ಕೆ ಎಷ್ಟು ಮೇಲೇರುತ್ತಿದೆ ಎಂಬುದನ್ನು ನೀವೇ ಗುರುತು ಹಾಕಿ ನೋಡಬಹುದು. ಆ ಕೆಲಸಕ್ಕೆ ಒಂದು ಹಗ್ಗ ಸಾಕು.