ಪರದೆ ಎಷ್ಟು ದೊಡ್ಡದು, ಹಜಾರ ಎಷ್ಟು ಉದ್ದ?

‘ಟಿ.ವಿ. ಹತ್ತಿರ ಕೂರಬೇಡ, ಕಣ್ಣು ಹಾಳಾಗುತ್ತೆ’ ಎಂಬ ಗದರಿಕೆ ಎಲ್ಲ ಮನೆಗಳಲ್ಲೂ ಕೇಳಿದ್ದೇ. ಹತ್ತಿರ ಕೂತರೆ ಕಣ್ಣು ದಣಿಯುತ್ತದೆಯೇ ಹೊರತು ಹಾಳಾಗುವುದಿಲ್ಲ. ದೂರ ಕೂರಲು ಬೇರೆಯೇ ಕಾರಣವಿತ್ತು: ಚಿತ್ರದ ಗೆರೆಗಳು.

1975ರ ಆಗಸ್ಟ್ 1ರಂದು ಆರಂಭವಾದ ‘ಸೈಟ್’ ಉಪಗ್ರಹ ಪ್ರಯೋಗ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳಿಗೆ ಟಿ.ವಿ. ತಂದಿತು. ಊರಿಗೊಂದೇ ಪೆಟ್ಟಿಗೆ; ಅದರ ಮುಂದೆ ಊರೆಲ್ಲ. 1981ರ ನವೆಂಬರ್ 1ರಂದು ಬೆಂಗಳೂರು ದೂರದರ್ಶನ ಶುರುವಾಯಿತು. ಆಗಿನ ಚಿತ್ರದಲ್ಲಿ ಕಾಣುತ್ತಿದ್ದುದು ಸುಮಾರು 575 ಗೆರೆ. ಚಿತ್ರದ ಎತ್ತರದ ಆರು ಪಟ್ಟು ದೂರದಲ್ಲಿ ಕೂತರೆ ಗೆರೆಗಳು ಕಣ್ಣಿನಲ್ಲಿ ಬೆರೆತು ಚಿತ್ರ ನಯವಾಗುತ್ತಿತ್ತು. 20 ಅಂಗುಲದ ಪೆಟ್ಟಿಗೆಗೆ ಅದು ಆರು ಅಡಿ.

ಇಂದಿನ ಎಚ್‌ಡಿ ಚಿತ್ರದಲ್ಲಿ 1080 ಗೆರೆಗಳು. ಮೂರು ಪಟ್ಟು ದೂರ ಸಾಕು. 43 ಅಂಗುಲದ ಚಪ್ಪಟೆ ಪರದೆಯನ್ನು ಐದೂಕಾಲು ಅಡಿಯಿಂದಲೇ ನೋಡಬಹುದು. ಆದರೆ ಗೆರೆ ಎಣಿಸಬೇಕಾದ್ದು ಪರದೆಯಲ್ಲಿ ಮಾತ್ರವಲ್ಲ, ಬರುವ ಪ್ರಸಾರದಲ್ಲೂ. ಡಿಡಿ ಫ್ರೀ ಡಿಶ್‌ನ ಹೆಚ್ಚಿನ ವಾಹಿನಿಗಳದ್ದು ಇನ್ನೂ ಹಳೆಯ ಲೆಕ್ಕ. ಅವನ್ನು ಅದೇ 43 ಅಂಗುಲದಲ್ಲಿ ನೋಡಲು ಹತ್ತೂವರೆ ಅಡಿ ಬೇಕು. ಇಲ್ಲದಿದ್ದರೆ ಮುಖಗಳು ಕಲಸಿದಂತೆ ಕಾಣುತ್ತವೆ.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಪೇಟೆಗಳಲ್ಲಿ ಹೊಗೆಸೊಪ್ಪಿನ ಇಲ್ಲವೇ ಭತ್ತದ ದುಡ್ಡು ಕೊಟ್ಟು ಟಿ.ವಿ. ಕೊಳ್ಳುವವರು ಮೊದಲು ಹಜಾರ ಅಳೆಯಲಿ. ಗೋಡೆಯಿಂದ ಚಾಪೆಗೆ ಎಂಟೇ ಅಡಿ, ಮನೆಯಲ್ಲಿ ಫ್ರೀ ಡಿಶ್ ಎಂದಾದರೆ 32 ಅಂಗುಲವೇ ಸರಿ. ಮಿಕ್ಕ ದುಡ್ಡು ಮನೆಯಲ್ಲೇ ಉಳಿಯುತ್ತದೆ.