ಹಳೇಬೀಡಿನ ಬೆರಳಚ್ಚು: ಹ್ಯಾಷ್ ಫಲನಗಳು ನಡೆದುಬಂದ ದಾರಿ

1902ರಲ್ಲಿ ಬಿ. ಎಲ್. ರೈಸ್ ಅವರು ಹಾಸನ ಜಿಲ್ಲೆಯ ಶಾಸನಗಳನ್ನು ‘ಎಪಿಗ್ರಾಫಿಯ ಕರ್ನಾಟಿಕ’ದ 5ನೆಯ ಸಂಪುಟವಾಗಿ ಪ್ರಕಟಿಸಿದರು. ಹಳೇಬೀಡಿನ ಶಾಸನಗಳು ಅದರ ಬೇಲೂರು ತಾಲ್ಲೂಕಿನ ಭಾಗದಲ್ಲಿವೆ. ಅಚ್ಚಿನ ಪಾಠದಲ್ಲಿ ಸಂಶಯ ಬಂದರೆ ಹಳೇಬೀಡಿಗೆ ಹೋಗಿ ಕಲ್ಲನ್ನೇ ನೋಡಬಹುದು. ಈಗ ಇಂತಹ ಪಾಠಗಳು ಗಣಕದ ಕಡತಗಳಾಗಿ ಕೈಯಿಂದ ಕೈಗೆ ನಕಲಾಗುತ್ತವೆ. ದಾರಿಯಲ್ಲಿ ಯಾರಾದರೂ ಒಂದು ಅಕ್ಷರ ಬದಲಿಸಿದರೆ ಕಡತದ ಮೇಲೆ ಉಳಿಯೇಟಿನ ಗುರುತು ಕಾಣುವುದಿಲ್ಲ. ಈ ಕೊರತೆಯನ್ನು ತುಂಬಲು ಗಣಕ ವಿಜ್ಞಾನ ಕಂಡುಕೊಂಡ ಉಪಾಯವೇ ಹ್ಯಾಷ್ ಫಲನ.

ಎಷ್ಟೇ ದೊಡ್ಡ ಕಡತವನ್ನು ಕೊಟ್ಟರೂ ಹ್ಯಾಷ್ ಫಲನ ಒಂದು ಗೊತ್ತಾದ ಉದ್ದದ ಬಿಟ್‌ಗಳ ಸಾಲನ್ನು ಕೊಡುತ್ತದೆ. ಅದನ್ನು ಕಡತದ ಬೆರಳಚ್ಚು ಎನ್ನೋಣ. ಬೆರಳಚ್ಚಿನಿಂದ ಕಡತವನ್ನು ಮರಳಿ ಪಡೆಯಲಾಗಬಾರದು. ಒಂದೇ ಬೆರಳಚ್ಚಿನ ಎರಡು ಕಡತಗಳನ್ನು ಹುಡುಕುವುದೂ ಕಾರ್ಯತಃ ಅಸಾಧ್ಯವಾಗಿರಬೇಕು. ರೊನಾಲ್ಡ್ ರಿವೆಸ್ಟ್ 1991ರಲ್ಲಿ ರೂಪಿಸಿದ ಎಂಡಿ5 128 ಬಿಟ್‌ಗಳನ್ನು ಕೊಡುತ್ತಿತ್ತು. 1995ರ ಷಾ-1, 160 ಬಿಟ್‌ಗಳನ್ನು. ನಮ್ಮ 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 3ನೆಯ ಪ್ರಕರಣದ ವಿವರಣೆಯಲ್ಲಿ ಹ್ಯಾಷ್ ಫಲನದ ವ್ಯಾಖ್ಯೆಯೇ ಇದೆ. ಫಲಿತಾಂಶವು ಮೂಲಕ್ಕಿಂತ ಸಾಮಾನ್ಯವಾಗಿ ಚಿಕ್ಕದು ಎಂದು ಅಲ್ಲಿ ಹೇಳಿದೆ. ‘ಸಾಮಾನ್ಯವಾಗಿ’ ಎಂದು ಸೇರಿಸಿದವರು ಜಾಣರು. ಕಾರಣ ಮುಂದೆ ತಿಳಿಯುತ್ತದೆ.

2004ರಲ್ಲಿ ಚೀನಾದ ಗಣಿತಜ್ಞೆ ವಾಂಗ್ ಶಿಯಾವೊಯುನ್ ಮತ್ತು ಸಂಗಡಿಗರು ಒಂದೇ ಎಂಡಿ5 ಬೆರಳಚ್ಚಿನ ಬೇರೆ ಬೇರೆ ಸಂದೇಶಗಳನ್ನು ತೋರಿಸಿದರು. ಮರುವರ್ಷ ಷಾ-1ರ ದೌರ್ಬಲ್ಯವೂ ಹೊರಬಿತ್ತು. 2017ರ ಫೆಬ್ರವರಿಯಲ್ಲಿ ಆಮ್‌ಸ್ಟರ್‌ಡ್ಯಾಮಿನ ಸಿಡಬ್ಲ್ಯುಐ ಸಂಸ್ಥೆ ಮತ್ತು ಗೂಗಲ್‌ನ ಸಂಶೋಧಕರು ಒಂದೇ ಷಾ-1 ಬೆರಳಚ್ಚಿನ ಎರಡು ಪಿಡಿಎಫ್ ಕಡತಗಳನ್ನೇ ಪ್ರಕಟಿಸಿದರು. ಇಷ್ಟಾದರೂ, 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ ಪ್ರಮಾಣಪತ್ರದ ನಮೂನೆಯಲ್ಲಿ ಷಾ-256ರ ಜೊತೆಗೆ ಷಾ-1, ಎಂಡಿ5 ಹೆಸರುಗಳೂ ಕುಳಿತಿವೆ. ಇದು ನನಗೆ ಸರಿಕಾಣುವುದಿಲ್ಲ.

ಷಾ-256 ಸೇರಿದ ಷಾ-2 ಕುಟುಂಬ ಮುರಿದಿರಲಿಲ್ಲ. ಆದರೆ ಅದರ ರಚನೆಯೂ ಹಳೆಯ ಮಾದರಿಯದೇ. ಹಾಗಾಗಿ ಅಮೆರಿಕದ ಮಾನಕ ಸಂಸ್ಥೆ ‘ನಿಸ್ಟ್’ 2007ರಲ್ಲಿ ಬಹಿರಂಗ ಸ್ಪರ್ಧೆಯನ್ನು ಘೋಷಿಸಿತು. 64 ಪ್ರಸ್ತಾವಗಳು ಬಂದವು. 2012ರ ಅಕ್ಟೋಬರ್ 2ರಂದು ಗೆದ್ದದ್ದು ಬೆರ್ಟೋನಿ, ಡೇಮನ್, ಪೀಟರ್ಸ್, ವಾನ್ ಆಷೆ ಎಂಬ ನಾಲ್ವರ ‘ಕೆಚಾಕ್’.

ಕೆಚಾಕ್‌ನ ರಚನೆಗೆ ಸ್ಪಂಜ್ ಎಂದೇ ಹೆಸರು. ಒಳಗೆ 1600 ಬಿಟ್‌ಗಳ ಒಂದು ಸ್ಥಿತಿ ಇರುತ್ತದೆ. ಕಡತವನ್ನು ತುಂಡು ತುಂಡಾಗಿ ಈ ಸ್ಥಿತಿಯ ಒಂದು ಭಾಗದೊಡನೆ ಬೆರೆಸಿ, ಪ್ರತಿ ಸಲವೂ ಇಡೀ ಸ್ಥಿತಿಯನ್ನು 24 ಸುತ್ತು ಕಲಕಲಾಗುತ್ತದೆ. ಇದು ಹೀರುವ ಹಂತ. ಬಳಿಕ ಹಿಂಡುವ ಹಂತ: ಅದೇ ಭಾಗವನ್ನು ಓದು, ಕಲಕು, ಮತ್ತೆ ಓದು. ಉಳಿದ ಬಿಟ್‌ಗಳು ನೇರವಾಗಿ ಎಂದೂ ಹೊರಬರುವುದಿಲ್ಲ. ಹಿಂಡುವುದನ್ನು ಎಲ್ಲಿ ನಿಲ್ಲಿಸಬೇಕೆಂಬ ಕಟ್ಟುಪಾಡಿಲ್ಲ. 2015ರ ಆಗಸ್ಟ್‌ನಲ್ಲಿ ಬಂದ ಮಾನಕದಲ್ಲಿ ಸ್ಥಿರ ಉದ್ದದ ನಾಲ್ಕು ಫಲನಗಳ ಜೊತೆಗೆ ಶೇಕ್128, ಶೇಕ್256 ಎಂಬ ಎರಡು ವಿಸ್ತರಿಸಬಲ್ಲ ಫಲನಗಳಿರುವುದು ಇದರಿಂದಲೇ. ಇಲ್ಲಿ ಬೆರಳಚ್ಚು ಕಡತಕ್ಕಿಂತ ಉದ್ದವಾಗಿಯೂ ಇರಬಹುದು!

ಆದರೆ ಉದ್ದ ಹೆಚ್ಚಿದಷ್ಟೂ ಭದ್ರತೆ ಹೆಚ್ಚುತ್ತದೆ ಎಂದು ತಿಳಿಯಬಾರದು. ಶೇಕ್128ರ ಬಲ 128 ಬಿಟ್‌ಗಳಿಗೆ ಸೀಮಿತ. ಅಲ್ಲದೆ, ಒಂದೇ ಕಡತದಿಂದ 64 ಬೈಟ್ ಪಡೆದರೆ ಅದರ ಮೊದಲ 32 ಬೈಟ್‌ಗಳು 32 ಬೈಟ್ ಮಾತ್ರ ಕೇಳಿದಾಗ ಬರುವವೇ ಆಗಿರುತ್ತವೆ. ಎರಡು ಉದ್ದ ಕೇಳಿದರೆ ಎರಡು ಸ್ವತಂತ್ರ ಬೆರಳಚ್ಚುಗಳು ಸಿಕ್ಕವು ಎನ್ನುವಂತಿಲ್ಲ.

ಇದನ್ನು ತರಗತಿಯಲ್ಲಿ ಮಾಡಿ ತೋರಿಸಲು ಪರ್ಲ್ ಭಾಷೆ ಅನುಕೂಲ. ಲ್ಯಾರಿ ವಾಲ್ 1987ರಲ್ಲಿ ಹೊರತಂದ ಪರ್ಲ್ ಹುಟ್ಟಿನಿಂದಲೇ ಪಠ್ಯ ಸಂಸ್ಕರಣೆಯ ಭಾಷೆ. (ಅದರಲ್ಲಿ ‘ಹ್ಯಾಷ್’ ಎಂಬ ಒಂದು ದತ್ತಾಂಶ ಕೋಷ್ಟಕವೂ ಇದೆ, ಅದು ಬೇರೆ, ಇದು ಬೇರೆ.) ಷಾ-1, ಷಾ-2ಗಳ ಮಾಡ್ಯೂಲ್ 2007ರ 5.10 ಆವೃತ್ತಿಯಿಂದ ಪರ್ಲ್ ಜೊತೆಗೇ ಬರುತ್ತದೆ. ಶೇಕ್ ಬೇಕಾದರೆ ಮಾರ್ಕ್ ಶೆಲರ್ ಬರೆದ ‘ಡೈಜೆಸ್ಟ್ ಷಾ3’ ಮಾಡ್ಯೂಲನ್ನು ಸಿಪ್ಯಾನ್ ಭಂಡಾರದಿಂದ ತಂದುಕೊಳ್ಳಬೇಕು. 128000 ಎಂಬ ಸಂಖ್ಯೆ ಕೊಟ್ಟು ಹೊಸ ವಸ್ತುವನ್ನು ಸೃಷ್ಟಿಸಿದರೆ ಅದು ಶೇಕ್128. ‘ಆ್ಯಡ್’ ಎಂದು ಕಡತವನ್ನು ಹೀರಿಸಿ, ‘ಸ್ಕ್ವೀಜ್’ ಎಂದು ಕರೆದಾಗಲೆಲ್ಲ 168 ಬೈಟ್‌ಗಳು ಹೊರಬರುತ್ತವೆ. ಬೇಕಾದಷ್ಟನ್ನು ಇಟ್ಟುಕೊಂಡರಾಯಿತು.

ಕನ್ನಡಿಗರಿಗೆ ನಿಜವಾದ ತೊಡಕು ಇದಕ್ಕೂ ಮೊದಲೇ ಇದೆ. ‘ಹಳೇಬೀಡು’ ಎಂಬ ಪದವನ್ನೇ ತೆಗೆದುಕೊಳ್ಳಿ. ಯೂನಿಕೋಡ್‌ನಲ್ಲಿ ಏತ್ವವನ್ನು ಒಂದೇ ಸಂಕೇತವಾಗಿ ಬರೆಯಬಹುದು, ಇಲ್ಲವೇ ಎತ್ವದ ಮುಂದೆ ದೀರ್ಘ ಚಿಹ್ನೆಯಿಟ್ಟು ಎರಡು ಸಂಕೇತಗಳಾಗಿಯೂ ಬರೆಯಬಹುದು. ‘ಬೀ’ಯ ದೀರ್ಘಕ್ಕೂ ಹೀಗೆಯೇ. ಮೊದಲ ಬಗೆಯಲ್ಲಿ ಪದಕ್ಕೆ 7 ಸಂಕೇತಗಳು, ಯುಟಿಎಫ್-8ರಲ್ಲಿ 21 ಬೈಟ್. ಎರಡೂ ಸ್ವರಗಳನ್ನು ಬಿಡಿಸಿದರೆ 9 ಸಂಕೇತಗಳು, 27 ಬೈಟ್. ಕಣ್ಣಿಗೆ ಎರಡೂ ಒಂದೇ. ಬೆರಳಚ್ಚುಗಳಿಗೆ ಮಾತ್ರ ಯಾವ ಹೋಲಿಕೆಯೂ ಇರುವುದಿಲ್ಲ. ಯಾರೂ ತಿದ್ದದ ಶಾಸನಪಾಠವನ್ನು ತಿದ್ದಿದ್ದೆಂದು ದೂರಲು ಇಷ್ಟು ಸಾಕು.

ಇದಕ್ಕೆ ಪರ್ಲ್‌ನ ಜೊತೆಯಲ್ಲೇ ಬರುವ ‘ಯೂನಿಕೋಡ್ ನಾರ್ಮಲೈಜ್’ ಮಾಡ್ಯೂಲ್ ಇದೆ. ಅದರ ಎನ್‌ಎಫ್‌ಸಿ ಕ್ರಿಯೆ ಎರಡೂ ಬಗೆಗಳನ್ನು ಒಂದೇ ರೂಪಕ್ಕೆ ತರುತ್ತದೆ. ಬಳಿಕ ‘ಎನ್‌ಕೋಡ್’ ಮೂಲಕ ಯುಟಿಎಫ್-8 ಬೈಟ್‌ಗಳಾಗಿ ಮಾಡಿಯೇ ಸ್ಪಂಜಿಗೆ ಕೊಡಬೇಕು. ಅಕ್ಷರಗಳನ್ನೇ ಕೊಟ್ಟರೆ ಪರ್ಲ್ ದೋಷ ಸಂದೇಶ ತೋರಿಸಿ ನಿಂತುಬಿಡುತ್ತದೆ. ಬೆರಳಚ್ಚನ್ನು ಬರೆದಿಡುವಾಗ ಅದರ ಪಕ್ಕದಲ್ಲಿ ಫಲನದ ಹೆಸರು, ಎಷ್ಟು ಬೈಟ್ ಹಿಂಡಿದ್ದು, ಪಾಠವನ್ನು ಯಾವ ರೂಪಕ್ಕೆ ತಂದದ್ದು ಎಂಬ ಮೂರನ್ನೂ ಬರೆಯಬೇಕು.