ಆಕಾಶದಿಂದ ಬಿದ್ದ ಕಲ್ಲು: ಜನರ ಸಾಕ್ಷ್ಯ ಮತ್ತು ವಿಜ್ಞಾನದ ಗಡಿ

ಆಕಾಶದಿಂದ ಕಲ್ಲುಗಳು ಬೀಳುತ್ತವೆ ಎಂಬ ಮಾತು 1770ರ ದಶಕದ ಪ್ಯಾರಿಸ್ ವಿದ್ವಾಂಸರಿಗೆ ಹಳ್ಳಿಗರ ಭ್ರಮೆಯಾಗಿತ್ತು. 1803ರ ಅಂತ್ಯದ ವೇಳೆಗೆ ಅದೇ ಮಾತು ಅದೇ ನಗರದಲ್ಲಿ ಒಪ್ಪಿತ ಸಂಗತಿಯಾಯಿತು. ವಿಜ್ಞಾನವನ್ನು ವಿಜ್ಞಾನೇತರವಾದುದರಿಂದ ಬೇರ್ಪಡಿಸುವ ಗೆರೆ ಎಲ್ಲಿದೆ ಎಂಬ ಪ್ರಶ್ನೆಯನ್ನು ಸಾಮಾನ್ಯವಾಗಿ ತತ್ತ್ವಶಾಸ್ತ್ರದ ಪಾಲಿಗೆ ಬಿಡಲಾಗುತ್ತದೆ. ಆದರೆ ಜಾನಪದ ಅಧ್ಯಯನವೂ ಈ ಗೆರೆಯ ಮೇಲೆಯೇ ನಿಂತಿದೆ. ಜನಪದರ ಬಾಯಿಂದ ಬಂದುದಕ್ಕೆಲ್ಲ ‘ಜನಪದ ವಿಜ್ಞಾನ’ ಎಂಬ ಹಣೆಪಟ್ಟಿ ಹಚ್ಚುವವರು ನಮ್ಮಲ್ಲಿದ್ದಾರೆ. ಎಲ್ಲವನ್ನೂ ಮೂಢನಂಬಿಕೆಯೆಂದು ಬದಿಗೊತ್ತುವವರೂ ಇದ್ದಾರೆ. ಪರಿಶೀಲನೆಯ ಶ್ರಮವನ್ನು ತಪ್ಪಿಸಿಕೊಳ್ಳುವುದರಲ್ಲಿ ಇಬ್ಬರೂ ಸಮಾನರು. ಉಲ್ಕಾಶಿಲೆಗಳ ಇತಿಹಾಸವನ್ನು ಈ ಹಿನ್ನೆಲೆಯಲ್ಲಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲಿಗೆ ವಿದ್ವಾಂಸರ ಪರವಾಗಿ ಒಂದು ಮಾತನ್ನು ಹೇಳಬೇಕು. ನಯವಾಗಿ ಉಜ್ಜಿದ, ಕೊಡಲಿಯಾಕಾರದ ಕಲ್ಲುಗಳು ಸಿಡಿಲಿನೊಡನೆ ಭೂಮಿಗೆ ಬಿದ್ದವು ಎಂದು ಯುರೋಪಿನ ರೈತರು ಶತಮಾನಗಳ ಕಾಲ ನಂಬಿದ್ದರು. 1723ರಲ್ಲಿ ಆಂಟ್ವಾನ್ ದ ಜುಸ್ಸಿಯು ಪ್ಯಾರಿಸ್ ಅಕಾಡೆಮಿಯ ಮುಂದೆ ಅವನ್ನು ಅಮೆರಿಕದ ಮೂಲನಿವಾಸಿಗಳ ಶಿಲಾ ಉಪಕರಣಗಳೊಂದಿಗೆ ಹೋಲಿಸಿ, ಅವು ಪ್ರಾಚೀನ ಮಾನವರ ಆಯುಧಗಳೆಂದು ತೋರಿಸಿದನು. ಬಳ್ಳಾರಿ ಸೀಮೆಯಲ್ಲಿ ರಾಬರ್ಟ್ ಬ್ರೂಸ್ ಫೂಟ್ ಸಂಗ್ರಹಿಸಿದ ನವಶಿಲಾಯುಗದ ಕೊಡಲಿಗಳನ್ನು ಕಂಡವರಿಗೆ ಇಂತಹ ವಸ್ತುಗಳ ಪರಿಚಯವಿರುತ್ತದೆ. ಸಿಡಿಲಿನ ಕಲ್ಲಿನ ವಿಷಯದಲ್ಲಿ ಅಕಾಡೆಮಿ ಸರಿಯಾಗಿತ್ತು, ಜನರ ನಂಬಿಕೆ ತಪ್ಪಾಗಿತ್ತು. ಆದ್ದರಿಂದ ಮುಂದೆ ಹಳ್ಳಿಗರು ‘ಆಕಾಶದ ಕಲ್ಲು’ ಎಂದಾಗ ವಿದ್ವಾಂಸರು ಸಂಶಯಪಟ್ಟದ್ದು ಅಹಂಕಾರದಿಂದ ಮಾತ್ರವೇ ಎನ್ನಲಾಗದು. ಮೇಲಾಗಿ, ಗ್ರಹಗಳ ನಿಯತ ಚಲನೆಗೆ ಆಕಾಶವು ಸ್ಥೂಲ ವಸ್ತುಗಳಿಲ್ಲದೆ ಬರಿದಾಗಿರಬೇಕು ಎಂಬ ನ್ಯೂಟನ್ನನ ವಿಚಾರಕ್ಕೆ ಆಗ ದೊಡ್ಡ ಮನ್ನಣೆಯಿತ್ತು. ಬರಿದಾದ ಆಕಾಶದಿಂದ ಕಲ್ಲು ಬರುವುದೆಂತು?

1768ರ ಸೆಪ್ಟೆಂಬರ್ 13ರಂದು ಫ್ರಾನ್ಸಿನ ಲ್ಯೂಸೆ ಎಂಬಲ್ಲಿ ಹೊಲದಲ್ಲಿ ದುಡಿಯುತ್ತಿದ್ದವರು ಗುಡುಗಿನಂತಹ ಸದ್ದು ಕೇಳಿ, ಕಲ್ಲೊಂದು ಬೀಳುವುದನ್ನು ಕಂಡರು. ಮುಟ್ಟಲಾಗದಷ್ಟು ಬಿಸಿಯಾಗಿದ್ದ ಆ ಕಲ್ಲಿನ ತುಂಡನ್ನು ಪಾದ್ರಿಯೊಬ್ಬರು ಅಕಾಡೆಮಿಗೆ ಕಳುಹಿಸಿದರು. ಪರೀಕ್ಷಿಸಿದ ಮೂವರಲ್ಲಿ ತರುಣ ಲವಾಸಿಯೆಯೂ ಒಬ್ಬನು. ಅದು ನೆಲದಲ್ಲಿಯೇ ಇದ್ದ ಗಂಧಕಯುಕ್ತ ಕಬ್ಬಿಣದ ಕಲ್ಲು, ಸಿಡಿಲು ಬಡಿದು ಹೊರಮೈ ಕರಗಿದೆ ಎಂದು ಅವರು ತೀರ್ಮಾನಿಸಿದರು. ರಾಸಾಯನಿಕ ವಿಶ್ಲೇಷಣೆಯನ್ನು ಶ್ರದ್ಧೆಯಿಂದಲೇ ಮಾಡಿದ್ದರು. ಕೈಬಿಟ್ಟದ್ದು ಹೊಲದಲ್ಲಿದ್ದವರು ಕಂಡ ಸಂಗತಿಯನ್ನು. 1790ರ ಜುಲೈ 24ರಂದು ನೈರುತ್ಯ ಫ್ರಾನ್ಸಿನಲ್ಲಿ ಕಲ್ಲುಗಳು ಬಿದ್ದಾಗ ಜ್ಯೂಯಾಕ್ ಊರಿನ ಆಡಳಿತವು 300ಕ್ಕೂ ಹೆಚ್ಚು ಜನರ ಸಾಕ್ಷ್ಯದೊಡನೆ ವಿಧಿವತ್ತಾದ ದಾಖಲೆಯನ್ನೇ ಸಿದ್ಧಪಡಿಸಿತು. ಒಂದು ಇಡೀ ಊರಿನ ಆಡಳಿತವು ಜನರ ಗಾಳಿಮಾತಿಗೆ ಮುದ್ರೆಯೊತ್ತಿತಲ್ಲ ಎಂದು ವಿಜ್ಞಾನ ಪತ್ರಿಕೆಯ ಸಂಪಾದಕನು ಮರುಗಿದನು. ಸಾಕ್ಷಿಗಳ ಸಂಖ್ಯೆಯೊಂದೇ ಸಾಲದು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ತಿರುವು ಬಂದದ್ದು ಅನಿರೀಕ್ಷಿತ ದಿಕ್ಕಿನಿಂದ. ಅರ್ನ್‌ಸ್ಟ್ ಕ್ಲಾಡ್ನಿ ನಾದಶಾಸ್ತ್ರದಲ್ಲಿ ಹೆಸರಾದವನು, ಆದರೆ ಕಾನೂನು ಓದಿದವನು. 1793ರಲ್ಲಿ ಗ್ಯೋಟಿಂಗೆನ್ನಿನಲ್ಲಿ ಭೌತವಿಜ್ಞಾನಿ ಲಿಖ್ಟೆನ್‌ಬರ್ಗ್‌ನೊಡನೆ ನಡೆದ ಮಾತುಕತೆಯ ಬಳಿಕ ಅವನು ಮೂರು ವಾರ ಗ್ರಂಥಾಲಯದಲ್ಲಿ ಕುಳಿತು, ಅಗ್ನಿಗೋಳಗಳನ್ನೂ ಬಿದ್ದ ಕಲ್ಲುಗಳನ್ನೂ ಕುರಿತ ಹಳೆಯ ವರದಿಗಳನ್ನು ಕಲೆಹಾಕಿದನು. ಬೇರೆ ಬೇರೆ ಶತಮಾನಗಳ, ಬೇರೆ ಬೇರೆ ದೇಶಗಳ, ಒಬ್ಬರನ್ನೊಬ್ಬರು ಅರಿಯದ ಸಾಮಾನ್ಯರ ಹೇಳಿಕೆಗಳು ಮುಖ್ಯ ವಿವರಗಳಲ್ಲಿ ಹೊಂದುತ್ತಿದ್ದವು. ಪಾಠಾಂತರಗಳನ್ನು ಎದುರುಬದುರಿಟ್ಟು ನೋಡುವ ನಮಗೆ ಈ ವಿಧಾನ ಅಪರಿಚಿತವಲ್ಲ. ಅವನು ಅದನ್ನು ನ್ಯಾಯಾಲಯದ ಕಣ್ಣಿನಿಂದ ಮಾಡಿದನು. 1794ರಲ್ಲಿ ಪ್ರಕಟವಾದ ಅವನ ಕಿರುಹೊತ್ತಿಗೆಯು ಸೈಬೀರಿಯದ ಕ್ರಾಸ್ನೊಯಾರ್ಸ್ಕ್ ಬಳಿಯ ಸುಮಾರು 700 ಕಿಲೋ ತೂಕದ ಕಬ್ಬಿಣದ ಗಟ್ಟಿಯನ್ನು ಕೇಂದ್ರವಾಗಿರಿಸಿಕೊಂಡಿತ್ತು. ಅದು ಆಕಾಶದಿಂದ ಬಿದ್ದದ್ದೆಂದು ಅಲ್ಲಿನ ತಾತಾರರು ಪವಿತ್ರವಾಗಿ ಕಾಣುತ್ತಿದ್ದರು. ಇಂತಹ ವಸ್ತುಗಳು ಭೂಮಿಯ ಆಚೆಯಿಂದಲೇ ಬರುತ್ತವೆ ಎಂಬ ಕ್ಲಾಡ್ನಿಯ ವಾದವನ್ನು ಹೆಚ್ಚಿನವರು ಒಪ್ಪಲಿಲ್ಲ.

ಇಲ್ಲಿ ಭಾರತದ ಒಂದು ಘಟನೆಗೆ ವಿಶೇಷ ಮಹತ್ತ್ವವಿದೆ. 1798ರ ಡಿಸೆಂಬರ್ 19ರ ರಾತ್ರಿ ಎಂಟರ ಸುಮಾರಿಗೆ ಬನಾರಸದ ಸಮೀಪ ಅಗ್ನಿಗೋಳವೊಂದು ಕಾಣಿಸಿಕೊಂಡು ಕ್ರಖೂತ್ ಎಂಬ ಹಳ್ಳಿಯ ಸುತ್ತ ಕಲ್ಲುಗಳು ಬಿದ್ದವು. ಒಂದು ಕಲ್ಲು ಕಾವಲುಗಾರನ ಗುಡಿಸಲ ಮಾಡನ್ನು ತೂರಿ ಮಣ್ಣಿನ ನೆಲದಲ್ಲಿ ಹುಗಿದುಕೊಂಡಿತು. ಅಂದು ಆಕಾಶದಲ್ಲಿ ಮೋಡವಿರಲಿಲ್ಲ. ಸಿಡಿಲಿನ ವಿವರಣೆಗೆ ಎಡೆಯೇ ಇರಲಿಲ್ಲ. ಹಳ್ಳಿಗರ ಹೇಳಿಕೆಗಳನ್ನು ಜಾನ್ ಲಾಯ್ಡ್ ವಿಲಿಯಮ್ಸ್ ಬರೆದು, ಕಲ್ಲುಗಳ ಸಮೇತ ಲಂಡನ್ನಿಗೆ ಕಳುಹಿಸಿದನು. ರಸಾಯನಶಾಸ್ತ್ರಜ್ಞ ಎಡ್ವರ್ಡ್ ಹೊವಾರ್ಡ್ ಅವನ್ನು ಇಟಲಿ, ಇಂಗ್ಲೆಂಡ್, ಬೊಹೀಮಿಯಗಳ ಕಲ್ಲುಗಳೊಡನೆ ಪರೀಕ್ಷಿಸಿ 1802ರಲ್ಲಿ ವರದಿ ಮಾಡಿದನು: ನಾಲ್ಕೂ ಕಡೆಯ ಕಲ್ಲುಗಳ ಕಬ್ಬಿಣದಲ್ಲಿ ನಿಕ್ಕಲ್ ಇದೆ, ಅವುಗಳ ರಚನೆ ಒಂದನ್ನೊಂದು ಹೋಲುತ್ತದೆ. ಸಾವಿರಾರು ಮೈಲಿಗಳ ಅಂತರದಲ್ಲಿದ್ದ ಹಳ್ಳಿಗರು ಒಂದೇ ಬಗೆಯ ಸುಳ್ಳನ್ನು ಹೇಳಬಹುದಿತ್ತು. ಒಂದೇ ಬಗೆಯ ಕಲ್ಲನ್ನು ಸೃಷ್ಟಿಸಲಾರರು.

1803ರ ಏಪ್ರಿಲ್ 26ರಂದು ನಾರ್ಮಂಡಿಯ ಲೇಗ್ಲ್ ಪಟ್ಟಣದ ಸುತ್ತ ಎರಡು ಸಾವಿರಕ್ಕೂ ಹೆಚ್ಚು ಕಲ್ಲುಗಳು ಸುರಿದವು. ಸರ್ಕಾರವು 29 ವರ್ಷದ ಜ್ಯಾಂ ಬಾಪ್ಟಿಸ್ಟ್ ಬಿಯೋನನ್ನು ತನಿಖೆಗೆ ಕಳುಹಿಸಿತು. ಜುಲೈ 17ರಂದು ಅವನು ಸಲ್ಲಿಸಿದ ವರದಿಯನ್ನು ನಮ್ಮ ಕ್ಷೇತ್ರಕಾರ್ಯದ ತರಗತಿಗಳಲ್ಲಿ ಓದಿಸಬೇಕು ಎಂಬುದು ನನ್ನ ಅಭಿಪ್ರಾಯ. ಅವನು ನೇರವಾಗಿ ಲೇಗ್ಲ್‌ಗೆ ಹೋಗಲಿಲ್ಲ. ದೂರದ ಅಲಾಂಸೋಂ ಪಟ್ಟಣದಿಂದ ಆರಂಭಿಸಿ, ಸದ್ದು ಎಲ್ಲೆಲ್ಲಿ ಕೇಳಿಸಿತು ಎಂದು ವಿಚಾರಿಸುತ್ತ ಒಳಗೆ ಬಂದನು. ವೃತ್ತಿ, ಅಂತಸ್ತು, ಅಭಿಪ್ರಾಯಗಳಲ್ಲಿ ಬೇರೆಯಾದ, ಪರಸ್ಪರ ಸಂಪರ್ಕವಿಲ್ಲದ ವಕ್ತೃಗಳನ್ನು ಆರಿಸಿಕೊಂಡನು. ಜನರ ಮಾತಿನ ಸಾಕ್ಷ್ಯವನ್ನೂ ವಸ್ತುಗಳ ಸಾಕ್ಷ್ಯವನ್ನೂ ಬೇರೆಯಾಗಿಟ್ಟು ತೂಗಿದನು. ಆ ಸೀಮೆಯ ಕುಲುಮೆಗಳ ಕಿಟ್ಟದಲ್ಲಾಗಲಿ ಖನಿಜ ಸಂಗ್ರಹಗಳಲ್ಲಾಗಲಿ ಅಂತಹ ಕಲ್ಲು ಹಿಂದೆ ಇರಲಿಲ್ಲವೆಂಬುದನ್ನು ಖಚಿತಪಡಿಸಿಕೊಂಡನು. ಹಳ್ಳಿ ಹಳ್ಳಿಯ ಹೇಳಿಕೆಗಳನ್ನು ನಕ್ಷೆಗಿಳಿಸಿದಾಗ ಸುಮಾರು 10 ಕಿಲೋಮೀಟರ್ ಉದ್ದ, 4 ಕಿಲೋಮೀಟರ್ ಅಗಲದ ಅಂಡಾಕಾರವೊಂದು ಮೂಡಿತು. ಅದರ ಒಂದು ತುದಿಯಲ್ಲಿ ದೊಡ್ಡ ಕಲ್ಲುಗಳು, ಇನ್ನೊಂದರತ್ತ ಚಿಕ್ಕವು. ಈ ಆಕೃತಿಯು ಯಾವೊಬ್ಬ ವಕ್ತೃವಿಗೂ ತಿಳಿದಿರಲಿಲ್ಲ, ತಿಳಿದಿರಲು ಸಾಧ್ಯವೂ ಇರಲಿಲ್ಲ.

ಸುಳ್ಳೆಂದು ತೋರಿಸಲು ಅವಕಾಶ ಕೊಡುವ ಸಿದ್ಧಾಂತ ಮಾತ್ರ ವೈಜ್ಞಾನಿಕ ಎಂದು 1934ರಲ್ಲಿ ಕಾರ್ಲ್ ಪಾಪರ್ ವಾದಿಸಿದನು. ಒಪ್ಪಿತ ಚೌಕಟ್ಟಿಗೆ ಒಗ್ಗದ ಸಂಗತಿಗಳು ಒಟ್ಟಾಗಿ ಬಿಕ್ಕಟ್ಟನ್ನು ತಂದಾಗ ಚೌಕಟ್ಟೇ ಬದಲಾಗುತ್ತದೆ ಎಂದು 1962ರಲ್ಲಿ ಥಾಮಸ್ ಕೂನ್ ತೋರಿಸಿದನು. ನಮ್ಮ ಪ್ರಕರಣವು ಎರಡಕ್ಕೂ ಪೂರ್ತಿಯಾಗಿ ಒಗ್ಗುವುದಿಲ್ಲ. ಇಲ್ಲಿ ಹಳೆಯ ಸಿದ್ಧಾಂತವನ್ನು ಕೆಡವಿ ಹೊಸದನ್ನು ನಿಲ್ಲಿಸಲಿಲ್ಲ. ಕಲ್ಲು ಬೀಳುವುದು ನಿಜವೆಂದು ಒಪ್ಪಿದವರಲ್ಲಿ ಅದು ಎಲ್ಲಿಂದ ಬರುತ್ತದೆ ಎಂಬ ಬಗ್ಗೆ ಒಮ್ಮತವಿರಲಿಲ್ಲ. ಕಂಡದ್ದನ್ನೂ ಕಂಡದ್ದಕ್ಕೆ ಕೊಟ್ಟ ವಿವರಣೆಯನ್ನೂ ಬಿಡಿಸಿ ನೋಡಿದ ಕ್ಷಣದಿಂದಲೇ ವಿಷಯವು ಗೆರೆಯನ್ನು ದಾಟಿತು. ಸಿಡಿಲಿನ ಕಲ್ಲು ನಂಬಿಕೆಯಾಗಿಯೇ ಉಳಿದದ್ದೂ ಇದೇ ಕಾರಣಕ್ಕೆ: ಅದು ಬೀಳುವುದನ್ನು ಕಂಡವರ ಹೇಳಿಕೆ ಇಂತಹ ತೂಕಕ್ಕೆ ನಿಲ್ಲಲಿಲ್ಲ.

ವಿಜ್ಞಾನಕ್ಕೂ ತನ್ನದೇ ಐತಿಹ್ಯಗಳಿವೆ ಎಂಬುದನ್ನು ಜಾನಪದ ವಿದ್ಯಾರ್ಥಿ ಮರೆಯಬಾರದು. 1807ರಲ್ಲಿ ಅಮೆರಿಕದ ವೆಸ್ಟನ್ನಿನಲ್ಲಿ ಬಿದ್ದ ಕಲ್ಲುಗಳ ಬಗ್ಗೆ ಯೇಲ್‌ನ ಪ್ರಾಧ್ಯಾಪಕರು ವರದಿ ಮಾಡಿದಾಗ, ಕಲ್ಲು ಬಿತ್ತೆನ್ನುವುದಕ್ಕಿಂತ ಪ್ರಾಧ್ಯಾಪಕರು ಸುಳ್ಳು ಹೇಳಿದರೆನ್ನುವುದು ಸುಲಭ ಎಂದು ಅಧ್ಯಕ್ಷ ಜೆಫರ್ಸನ್ ಅಂದನಂತೆ. ಅವನ ಬರಹಗಳಲ್ಲಿ ಈ ಮಾತು ಸಿಗುವುದಿಲ್ಲ. 1808ರ ಅವನ ಪತ್ರದಲ್ಲಿ ಇರುವುದು ಪರೀಕ್ಷೆ ನಡೆಯಲಿ ಎಂಬ ಎಚ್ಚರದ ಧೋರಣೆ. ಆದರೂ ಪುಸ್ತಕದಿಂದ ಪುಸ್ತಕಕ್ಕೆ ಈ ಕಥೆ ಸಾಗಿ ಬಂದಿದೆ. ‘ತಿಳಿದವನು ಮಂಕಾದ, ಹಳ್ಳಿಗ ಗೆದ್ದ’ ಎಂಬ ಆಶಯಕ್ಕಿರುವ ಆಕರ್ಷಣೆ ಅಂತಹುದು.

ಕಲ್ಲುಗಳ ಮೂಲದ ಪ್ರಶ್ನೆ ಮಾತ್ರ ನಿಧಾನವಾಗಿ ಬಗೆಹರಿಯಿತು. ಅವು ಚಂದ್ರನ ಜ್ವಾಲಾಮುಖಿಗಳಿಂದ ಬಂದಿರಬಹುದೆಂದು ಲಾಪ್ಲಾಸ್ ಸೂಚಿಸಿದನು; ವಾತಾವರಣದಲ್ಲಿಯೇ ಗಟ್ಟಿಯಾದವೆಂದು ಇತರರು ಹೇಳಿದರು. ಇತ್ತ 1801ರ ಜನವರಿ 1ರಂದು ಮಂಗಳ ಮತ್ತು ಗುರು ಗ್ರಹಗಳ ನಡುವೆ ಸೆರೆಸ್ ಪತ್ತೆಯಾಗಿತ್ತು. ಆಕಾಶವು ಅಷ್ಟೇನೂ ಬರಿದಲ್ಲವೆಂಬುದು ಮೆಲ್ಲಗೆ ತಿಳಿಯತೊಡಗಿತ್ತು. ಕ್ಲಾಡ್ನಿ ತನ್ನ ವಾದಕ್ಕೆ ಪೂರ್ಣ ಮನ್ನಣೆಯನ್ನು ಕಾಣದೆಯೇ 1827ರಲ್ಲಿ ತೀರಿಕೊಂಡನು. 1959ರ ಏಪ್ರಿಲ್ 7ರಂದು ಅಂದಿನ ಚೆಕೊಸ್ಲೊವಾಕಿಯದ ಪ್ರಿಬ್ರಾಮ್‌ನಲ್ಲಿ ಬಿದ್ದ ಕಲ್ಲಿನ ಅಗ್ನಿಗೋಳವನ್ನು ಕ್ಯಾಮೆರಾಗಳು ಸೆರೆಹಿಡಿದಿದ್ದವು. ಆ ಚಿತ್ರಗಳಿಂದ ಅದರ ಕಕ್ಷೆಯನ್ನು ಲೆಕ್ಕಹಾಕಿದಾಗ ಅದು ಕ್ಷುದ್ರಗ್ರಹಗಳ ಪಟ್ಟಿಯವರೆಗೆ ಚಾಚಿತ್ತು.